ಆಟದ ಹಬ್ಬದ ಅಂಗಳದಲ್ಲಿ ಧಾರವಾಡದ ಬಾಳು

ಅಮೇರಿಕದಲ್ಲಿ ಪ್ರತಿ ನವೆಂಬರ್‌ನ ಕೃತಜ್ಞತಾ ಹಬ್ಬದಂದು ಮನೆಮಂದಿಯೆಲ್ಲ ಕಲೆತು ಫುಟ್‌ಬಾಲ್ ಪಂದ್ಯ ನೋಡುವ ವಾಡಿಕೆಯಿದೆ. ನಮ್ಮ ಮುಂಬಯಿಗೂ ಒಂದು ಕಾಲದಲ್ಲಿ ಅಂಥದೇ ವಾರ್ಷಿಕ ಆಟದ ಹಬ್ಬವಿತ್ತು. 1907ರಲ್ಲಿ ಯುರೋಪಿಯನ್, ಪಾರ್ಸಿ ಮತ್ತು ಹಿಂದೂ ತಂಡಗಳ ತ್ರಿಕೋನ ಸ್ಪರ್ಧೆಯಾಗಿದ್ದ ಕ್ರಿಕೆಟ್ ಪಂದ್ಯಾವಳಿ 1912ರಲ್ಲಿ ಮುಸ್ಲಿಂ ತಂಡ ಸೇರಿ ಚತುಷ್ಕೋನವಾಯಿತು, 1937ರಲ್ಲಿ ಪಂಚಕೋನವಾಯಿತು. ಸಿರಿವಂತರು ಡೇರೆಗಳಲ್ಲಿ ಕುಳಿತು, ಉಳಿದವರು ಬಯಲಲ್ಲಿ ನಿಂತು, ಮರವೇರಿ ನೋಡುತ್ತಿದ್ದರು. ಮತೀಯ ಆಧಾರದ ಈ ಆಟವನ್ನು ಗಾಂಧೀಜಿಯವರು 1940ರಲ್ಲಿ ವಿರೋಧಿಸಿದರು. 1946ರಲ್ಲಿ ಅದು ಕೊನೆಗೊಂಡಿತು.

ಈ ಹಬ್ಬದ ಮೊದಲ ದೊಡ್ಡ ತಾರೆ ಪಾಳವಣಕರ ಬಾಳು ಅವರು ಧಾರವಾಡದಲ್ಲಿ ಜನಿಸಿದವರೆಂಬುದು ಮುಂಬಯಿ ಕನ್ನಡಿಗರಲ್ಲಿ ಹಲವರಿಗೆ ತಿಳಿಯದು. ಮನೆಮಾತು ಮರಾಠಿ, ಮನೆತನದ ಮೂಲ ಕೊಂಕಣದ ಪಾಳವಣ. ಆದರೂ ಹುಟ್ಟೂರಿನ ನಂಟನ್ನು ನಾವು ಬಿಟ್ಟುಕೊಡಬೇಕಾಗಿಲ್ಲ.

ಚರ್ಮಕಾರ ಸಮುದಾಯದಲ್ಲಿ ಹುಟ್ಟಿದ ಬಾಳು ಅವರು ಬೆಳೆದದ್ದು ಪುಣೆಯಲ್ಲಿ. ತಂದೆ ಸೇನೆಗೆ ಸಂಬಂಧಿಸಿದ ಕೆಲಸದಲ್ಲಿದ್ದರು. ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸುವುದು ಬಾಳು ಅವರ ಮೊದಲ ಕೆಲಸ. ಸಂಬಳ ತಿಂಗಳಿಗೆ 3 ರೂಪಾಯಿ. ನಂತರ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ. ಅಲ್ಲಿ ಬಲೆ ಕಟ್ಟುವುದು, ಗೆರೆ ಎಳೆಯುವುದು, ಜೊತೆಗೆ ದೊರೆಗಳ ಅಭ್ಯಾಸಕ್ಕೆ ಚೆಂಡೆಸೆಯುವುದು. ಖ್ಯಾತ ದಾಂಡಿಗ ಗ್ರೇಗ್ ತಾವು ಔಟಾದಾಗಲೆಲ್ಲ ಇವರಿಗೆ ಎಂಟಾಣೆ ಕೊಡುತ್ತಿದ್ದರಂತೆ. ಬ್ಯಾಂಕಿನ ಲೆಕ್ಕದಲ್ಲೇ ಆಯುಷ್ಯ ಸವೆಸಿದ ನನಗೆ ತಕ್ಷಣ ಹೊಳೆಯುವುದು, ಎಂಟು ಸಲ ಗ್ರೇಗ್ ಔಟಾದರೆ ಅದು ಒಂದು ತಿಂಗಳ ಸಂಬಳ! ಎಡಗೈ ಸ್ಪಿನ್ ಹರಿತವಾಗಲು ಬೇರೆ ಪ್ರೇರಣೆ ಬೇಕಿತ್ತೇ?

ಪುಣೆಯ ಹಿಂದೂ ತಂಡಕ್ಕೆ ಈ ಬೌಲರ್ ಬೇಕಾಗಿದ್ದರು, ಮನುಷ್ಯ ಬೇಕಾಗಿರಲಿಲ್ಲ. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾದ ವೇಳೆಗೆ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ. ಮುಖ ತೊಳೆಯಲೂ ಒಂದು ಮೂಲೆ.

1896ರ ಸುಮಾರಿಗೆ ಬಾಳು ಮುಂಬಯಿಗೆ ಬಂದರು. ಮುಂದೆ ರೈಲ್ವೆ ನೌಕರಿ ದೊರೆಯಿತು, ಹಿಂದೂ ಜಿಮಖಾನಾದ ಬಾಗಿಲೂ ತೆರೆಯಿತು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ಓಟಗಳಿಂದ ಮಣಿಸಿದಾಗ ಮುಖ್ಯ ಅಸ್ತ್ರ ಅವರೇ. ತಮ್ಮ ಶಿವರಾಮ ಕೂಡ ಆ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡ ಸೋಲಿನ ಮೇಲೆ ಸೋಲು ಕಂಡರೂ, ಬಾಳು ಎಲ್ಲ ಪಂದ್ಯಗಳಲ್ಲಿ ಒಟ್ಟು 114 ವಿಕೆಟ್ ಪಡೆದರು. ಮರಳಿದಾಗ ಮುಂಬಯಿಯ ದಲಿತ ಬಾಂಧವರು ಸನ್ಮಾನಿಸಿದರು. ಅಂದಿನ ಬಿನ್ನವತ್ತಳೆ ಬರೆದವರು ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಎನ್ನಲಾಗಿದೆ.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ನಾಯಕರಾಗಿದ್ದ ಎಂ.ಡಿ. ಪೈ ಅವರೇ ಆ ಗೌರವ ಬಾಳು ಅವರಿಗೆ ಸಲ್ಲಬೇಕಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡಿದ್ದರು. 1920ರಲ್ಲಿ ಬಾಳು ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಪ್ರತಿಭಟಿಸಿ ಹೊರಗುಳಿದರು. ಕೊನೆಗೆ ಆಡಳಿತದವರು ಮಣಿದು ಬಾಳು ಅವರನ್ನು ಉಪನಾಯಕರನ್ನಾಗಿಸಿದರು. ಪೈ ಅವರು ಪಂದ್ಯದ ನಡುವೆ ಮೈದಾನ ಬಿಟ್ಟು ಹೊರನಡೆದು ತಂಡವನ್ನು ಅವರ ಕೈಗಿತ್ತರು. ಅಣ್ಣನಿಗೆ ಆ ಕೆಲವು ಗಳಿಗೆಗಳು. 1923ರಲ್ಲಿ ತಮ್ಮ ವಿಠ್ಠಲನಿಗೆ ಪೂರ್ಣ ನಾಯಕತ್ವ, ಜೊತೆಗೆ ಗೆಲುವು.

ಮುಂದೆ ಬಾಳು ರಾಜಕೀಯಕ್ಕಿಳಿದರು. ಪ್ರತ್ಯೇಕ ಮತಕ್ಷೇತ್ರದ ವಿಷಯದಲ್ಲಿ ಅಂಬೇಡ್ಕರರಿಂದ ಭಿನ್ನವಾಗಿ ನಿಂತರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ವಿರುದ್ಧವೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತ, ಬಾಳು ಅವರಿಗೆ 11,225. ತಮ್ಮ ಕೀರ್ತಿಯನ್ನು ಮೊದಲು ಕೊಂಡಾಡಿದವರಲ್ಲೊಬ್ಬರಿಂದಲೇ ಸೋತಾಗ ಅವರ ಮನಸ್ಸಿನಲ್ಲಿ ಏನಿತ್ತೋ, ಊಹಿಸಲು ನನ್ನಿಂದಾಗದು.

ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆಗ ಬಾಳು ಅವರಿಗೆ ವಯಸ್ಸು ಐವತ್ತೈದು ದಾಟಿತ್ತು. 1955ರ ಜುಲೈ 4ರಂದು ಅವರು ಮುಂಬಯಿಯಲ್ಲೇ ತೀರಿಕೊಂಡರು.