ವೈದ್ಯನಾದ ಥಾಮಸ್ ಹಾಜ್ಕಿನನ ಚರಿತ್ರೆ

ಕೊರಳಲ್ಲಿ ಗಂಟು ಕಾಣಿಸಿಕೊಂಡರೆ ನಮ್ಮ ಹಳ್ಳಿಗಳಲ್ಲಿ ಅದನ್ನು ಗಂಡಮಾಲೆಯೆಂದು ಕರೆದು, ಸೊಪ್ಪನ್ನು ಅರೆದು ಹಚ್ಚುವುದೂ ಬರೆ ಹಾಕುವುದೂ ಉಂಟು. ಎಲ್ಲಾ ಗಂಟುಗಳೂ ಒಂದೇ ವ್ಯಾಧಿಯಲ್ಲವೆಂಬದನ್ನು ತಾಳ್ಮೆಯಿಂದ ಶೋಧಿಸಿದ ಒಬ್ಬ ದೇವಭಕ್ತನ ಚರಿತ್ರೆಯನ್ನು ಇಲ್ಲಿ ಹೇಳುವೆವು.

ಥಾಮಸ್ ಹಾಜ್ಕಿನನು 1798ನೆಯ ಇಸವಿ ಆಗಸ್ಟ್ 17ರಲ್ಲಿ ಲಂಡನಿನ ಪೆಂಟನ್‌ವಿಲ್ ಎಂಬಲ್ಲಿ ಹುಟ್ಟಿದನು. ತಂದೆತಾಯಿಗಳು ಕ್ವೇಕರ್ ಸಭೆಯವರು. ಆ ಸಭೆಯವರು ಸಾದಾ ಉಡುಪನ್ನು ತೊಟ್ಟು, ಆಣೆಯಿಡದೆ, ಯುದ್ಧಕ್ಕೆ ಹೋಗದೆ, ಮೌನವಾಗಿ ಕೂಡಿ ದೇವರನ್ನು ಆರಾಧಿಸುತ್ತಿದ್ದರು. ಯೌವನದಲ್ಲಿ ಈತನು ತನ್ನ ಸೋದರಸಂಬಂಧಿಯಾದ ಕನ್ಯೆಯನ್ನು ಪ್ರೀತಿಸಿದರೂ ಸಭೆಯ ಕಟ್ಟಳೆಯು ಅಂಥ ಮದುವೆಯನ್ನು ನಿಷೇಧಿಸಿದ್ದರಿಂದ ಅವಳನ್ನು ಬಿಟ್ಟುಕೊಟ್ಟನು. ಸೋದರಿಕೆಯನ್ನೇ ಬಯಸುವ ನಮ್ಮವರಿಗೆ ಇದು ವಿಚಿತ್ರವಾಗಿ ತೋರಬಹುದು.

1823ರಲ್ಲಿ ಎಡಿನ್‌ಬರೋ ನಗರದಲ್ಲಿ ವೈದ್ಯಪದವಿಯನ್ನು ಹೊಂದಿದ ಈತನು ಪ್ಯಾರಿಸಿನಲ್ಲಿ ಲೆನೆಕ್ ಎಂಬ ವೈದ್ಯನ ಬಳಿಯಲ್ಲಿಯೂ ಕಲಿತನು. ಎದೆಯ ಶಬ್ದವನ್ನು ಕೇಳುವ ಸ್ಟೆತಸ್ಕೋಪನ್ನು ಕಂಡುಹಿಡಿದವನು ಆ ಲೆನೆಕನೇ. ತರುವಾಯ ಹಾಜ್ಕಿನನು ಲಂಡನಿನ ಗೈಸ್ ಆಸ್ಪತ್ರೆಯಲ್ಲಿ ಸತ್ತವರ ದೇಹಗಳನ್ನು ಪರೀಕ್ಷಿಸುವ ಕೆಲಸಕ್ಕೂ ಅಲ್ಲಿಯ ಸಂಗ್ರಹಾಲಯಕ್ಕೂ ನೇಮಿಸಲ್ಪಟ್ಟನು. ದುರ್ಗಂಧದ ಆ ಕೋಣೆಯಲ್ಲಿ ನಿಲ್ಲಲು ಅನೇಕರು ಹೇಸಿದರು; ಇವನಾದರೋ ತಾನು ಕಂಡದ್ದನ್ನೆಲ್ಲಾ ಜಾಗ್ರತೆಯಿಂದ ಬರೆದಿಟ್ಟನು. 1832ರಲ್ಲಿ ಏಳು ಮಂದಿ ರೋಗಿಗಳ ವೃತ್ತಾಂತವನ್ನು ವೈದ್ಯರ ಸಂಘದ ಮುಂದೆ ಇಟ್ಟನು. ಅವರಲ್ಲಿ ಕೊರಳು ಮೊದಲಾದ ಕಡೆಗಳ ದುಗ್ಧಗ್ರಂಥಿಗಳೂ ಅನೇಕರಲ್ಲಿ ಗುಲ್ಮವೂ ಊದಿದ್ದವು. ಇದು ಬೇರೆ ಹುಣ್ಣಿನ ಉರಿಯಿಂದ ಬಂದ ಊತವಲ್ಲ, ಗ್ರಂಥಿಯಲ್ಲಿಯೇ ಹುಟ್ಟಿದ ವ್ಯಾಧಿಯಾಗಿರಬೇಕೆಂದು ಅವನು ತಿಳಿಸಿದನು. ಆಗ ಯಾರೂ ಅದನ್ನು ಅಷ್ಟಾಗಿ ಲಕ್ಷಿಸಲಿಲ್ಲ.

ಅವನ ಹೃದಯವು ರೋಗಿಗಳಿಗಾಗಿ ಮಾತ್ರ ಮರುಗಲಿಲ್ಲ. ಕೆನಡಾದ ಮೂಲನಿವಾಸಿಗಳೊಂದಿಗೆ ಹಡ್ಸನ್ ಬೇ ಕಂಪನಿಯು ನಡೆದುಕೊಂಡ ರೀತಿಯನ್ನು ಖಂಡಿಸಿದನು. ಗೈಸ್ ಆಸ್ಪತ್ರೆಯ ಖಜಾಂಚಿಯಾದ ಬೆಂಜಮಿನ್ ಹ್ಯಾರಿಸನನು ಆ ಕಂಪನಿಯ ಅಧಿಕಾರಿಗಳಲ್ಲಿ ಒಬ್ಬನು! 1837ರಲ್ಲಿ ಸಹಾಯಕ ವೈದ್ಯನ ಸ್ಥಾನವು ಬರಿದಾದಾಗ ಹಾಜ್ಕಿನನಿಗೆ ಅದು ದೊರೆಯದೆ ಬೇರೊಬ್ಬನ ಪಾಲಾಯಿತು. ಅವನು ಆಸ್ಪತ್ರೆಯನ್ನು ಬಿಟ್ಟುಹೋದನು. ಅದೇ ವರುಷ ಮೂಲನಿವಾಸಿಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದವರಲ್ಲಿ ಅವನೂ ಒಬ್ಬನು. ಬಡವರಿಂದ ಹಣ ಕೇಳಲು ನಾಚುತ್ತಿದ್ದದರಿಂದ ವೈದ್ಯವೃತ್ತಿಯಲ್ಲಿ ಐಶ್ವರ್ಯವಂತನಾಗಲಿಲ್ಲ.

1866ರಲ್ಲಿ ಯೆಹೂದ್ಯನಾದ ತನ್ನ ಮಿತ್ರ ಮೋಸೆಸ್ ಮಾಂಟೆಫಿಯೋರನ ಸಂಗಡ ಪಲೆಸ್ತೀನಕ್ಕೆ ಹೋಗುವಾಗ ರಕ್ತಭೇದಿಯಿಂದ ಅಸ್ವಸ್ಥನಾಗಿ, ಏಪ್ರಿಲ್ 4ರಲ್ಲಿ ಯೊಪ್ಪದಲ್ಲಿ ತೀರಿಕೊಂಡನು. ಪೇತ್ರನು ತಬಿಥಾಳನ್ನು ಎಬ್ಬಿಸಿದ ಊರಿನಲ್ಲಿಯೇ ಈ ವೈದ್ಯನ ಸಮಾಧಿಯಿದೆ.

ಅದರ ಹಿಂದಿನ ವರುಷವೇ ಸ್ಯಾಮ್ಯುಯೆಲ್ ವಿಲ್ಕ್ಸ್ ಎಂಬ ವೈದ್ಯನು ಆ ವ್ಯಾಧಿಗೆ ಹಾಜ್ಕಿನನ ಹೆಸರನ್ನಿಟ್ಟಿದ್ದನು. 1898ರಲ್ಲಿ ಸ್ಟರ್ನ್‌ಬರ್ಗ್ ಎಂಬವನೂ 1902ರಲ್ಲಿ ಡೊರೊಥಿ ರೀಡ್ ಎಂಬ ಸ್ತ್ರೀಯೂ ಅದರ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ವಿವರಿಸಿದರು: ಗೂಬೆಯ ಕಣ್ಣುಗಳಂತೆ ಜೋಡಿ ತಿರುಳುಳ್ಳ ದೊಡ್ಡ ಜೀವಕಣಗಳು. 1926ರಲ್ಲಿ ಹಾಜ್ಕಿನನು ಕಾದಿಟ್ಟ ಗ್ರಂಥಿಗಳನ್ನು ಹಾಗೆಯೇ ಪರೀಕ್ಷಿಸಲು, ಕೆಲವು ನಿಜವಾಗಿ ಅವನ ಹೆಸರಿನ ವ್ಯಾಧಿಯೇ ಆಗಿದ್ದವು. ಏಳರಲ್ಲಿ ಎಲ್ಲವೂ ಅದಾಗಿರಲಿಲ್ಲ. ಬರಿಗಣ್ಣಿಗೆ ಒಂದೇ ಆಗಿ ಕಂಡದ್ದರಲ್ಲಿ ಬೇರೆ ವ್ಯಾಧಿಯೂ ಸೇರಿತ್ತು.

ದುಗ್ಧಗ್ರಂಥಿಗಳ ಕಣಗಳಲ್ಲಿ ಹುಟ್ಟುವ ಕ್ಯಾನ್ಸರನ್ನು ಈಗ ಲಿಂಫೋಮ ಎನ್ನುವರು. ಗೂಬೆಗಣ್ಣಿನ ಕಣಗಳುಳ್ಳದ್ದು ಹಾಜ್ಕಿನ್ ಲಿಂಫೋಮ. ಅದು ಯೌವನಸ್ಥರಲ್ಲಿಯೂ ವೃದ್ಧರಲ್ಲಿಯೂ ಹೆಚ್ಚಾಗಿ ತೋರುವುದು, ಮತ್ತು ಅನೇಕರು ಚಿಕಿತ್ಸೆಯಿಂದ ಪೂರ್ಣವಾಗಿ ಗುಣಹೊಂದುವರು. ಮಿಕ್ಕವುಗಳನ್ನು ಹಾಜ್ಕಿನೇತರವೆಂದು ಕರೆಯುವರು; ಅವುಗಳಲ್ಲಿ ಹಲವಾರು ಬಗೆಗಳುಂಟು. ಕೆಲವು ವರುಷಗಟ್ಟಲೆ ಮೆಲ್ಲಗೆ ಬೆಳೆಯುವವು, ಕೆಲವು ವಾರಗಳಲ್ಲೇ ಉಬ್ಬುವವು. 1958ರಲ್ಲಿ ಬರ್ಕಿಟ್ ಎಂಬ ಕ್ರೈಸ್ತ ಶಸ್ತ್ರವೈದ್ಯನು ಉಗಾಂಡದ ಮಕ್ಕಳ ದವಡೆಯಲ್ಲಿ ಕಂಡು ವರ್ಣಿಸಿದ್ದು ಅತಿ ವೇಗವಾಗಿ ಬೆಳೆಯುವ ಬಗೆ. ಬಗೆಯು ಬೇರೆಯಾದರೆ ಔಷಧವೂ ಬೇರೆ.

ಕೊರಳು, ಕಂಕುಳು, ತೊಡೆಸಂದುಗಳಲ್ಲಿ ನೋವಿಲ್ಲದ ಗಂಟು ವಾರಗಳಾದರೂ ಇಳಿಯದಿದ್ದರೆ, ಅಥವಾ ಅದರೊಂದಿಗೆ ಜ್ವರ, ರಾತ್ರಿಯಲ್ಲಿ ವಿಪರೀತ ಬೆವರು, ಮೈ ಇಳಿಯುವುದು ಕಂಡರೆ, ಆಸ್ಪತ್ರೆಗೆ ಹೋಗತಕ್ಕದ್ದು. ಅದು ಕ್ಷಯದ ಗಂಟೂ ಆಗಿರಬಹುದು, ಅದಕ್ಕೂ ಔಷಧವುಂಟು. ಆದರೆ ಯಾವುದೆಂದು ಕೈಯಿಂದ ಮುಟ್ಟಿ ನಿಶ್ಚಯಿಸಲಾಗದು. ಗ್ರಂಥಿಯನ್ನಾಗಲಿ ಅದರ ತುಂಡನ್ನಾಗಲಿ ತೆಗೆದು ಪರೀಕ್ಷಿಸಬೇಕು. ಹಾಗೆ ತೆಗೆದರೆ ರೋಗವು ಹರಡುವುದೆಂಬ ಮಾತನ್ನು ಯಾರೂ ನಂಬಬಾರದು.

ಹಾಜ್ಕಿನನು ಕಾದಿಟ್ಟ ಗ್ರಂಥಿಗಳಲ್ಲಿ ಕೆಲವು ಲಂಡನಿನ ಗಾರ್ಡನ್ ಸಂಗ್ರಹಾಲಯದಲ್ಲಿ ಈಗಲೂ ಇವೆ.