ಅಕ್ಷರದ ಜೊತೆ ಅನ್ನದ ದಾರಿ ತೋರಿಸಿದ ಕುದ್ಮುಲ್ ರಂಗರಾವ್

ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ 1892ರಲ್ಲಿ ಒಂದು ಸಣ್ಣ ಶಾಲೆ ಆರಂಭವಾಯಿತು. ಅಸ್ಪೃಶ್ಯರೆಂದು ದೂರವಿಟ್ಟಿದ್ದ ಸಮುದಾಯಗಳ ಮಕ್ಕಳಿಗಾಗಿ ತೆರೆದ ಶಾಲೆ ಅದು. ತೆರೆದವರು ಮೇಲ್ಜಾತಿಯ ವಕೀಲರು, ಕಾಸರಗೋಡಿನಲ್ಲಿ ಹುಟ್ಟಿದ ಕುದ್ಮುಲ್ ರಂಗರಾವ್.

ರಂಗರಾಯರು ಜನಿಸಿದ್ದು 1859ರ ಜೂನ್ 29ರಂದು, ಚಿತ್ರಾಪುರ ಸಾರಸ್ವತ ಕುಟುಂಬದಲ್ಲಿ. ಮೂಲ ಊರು ಪುತ್ತೂರು ಸೀಮೆಯ ಕುದ್ಮುಲ್. ಕಾಸರಗೋಡು ಆಗ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಮಂಗಳೂರಿಗೂ ಕಾಸರಗೋಡಿಗೂ ನಡುವೆ ಇಂದಿನ ಗಡಿ ಇರಲಿಲ್ಲ. ಎಳೆಯ ಪ್ರಾಯದಲ್ಲೇ ಮಂಗಳೂರಿಗೆ ಬಂದ ಅವರು ತಿಂಗಳಿಗೆ 8 ರೂಪಾಯಿ ಸಂಬಳದ ಶಿಕ್ಷಕರಾದರು. ಮುಂದೆ ಓದಿ ವಕೀಲರಾಗಿ ಬಡವರ ವಕೀಲರೆಂದೇ ಹೆಸರಾದರು. ಉಳ್ಳಾಲ ರಘುನಾಥಯ್ಯನವರು 1870ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ್ದ ಬ್ರಹ್ಮಸಮಾಜದ ವಿಚಾರಗಳು ಅವರನ್ನು ಸೆಳೆದವು.

ಶಾಲೆಯ ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳು ಬಂದುಬಿಡಲಿಲ್ಲ. ಅಡ್ಡಿ ಹಲವು ಕಡೆಯಿಂದ ಬಂತು. ಮೇಲ್ಜಾತಿಯವರ ವಿರೋಧದಿಂದ ಶಾಲೆಯ ಜಾಗವನ್ನೇ ಬದಲಿಸಬೇಕಾಯಿತು. ಸ್ವಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಧಣಿಗಳಿಗೆ ಗದ್ದೆಯ ಕೆಲಸಕ್ಕೂ ದನ ಮೇಯಿಸಲಿಕ್ಕೂ ಜನ ಬೇಕಿತ್ತು; ಆಳುಮಕ್ಕಳು ಓದಿದರೆ ಕೆಲಸಕ್ಕೆ ಯಾರು ಎಂಬ ಲೆಕ್ಕ ಅವರದು. ಧಣಿಯ ಸಿಟ್ಟಿಗೆ ಗುರಿಯಾದರೆ ಗಂಜಿಗೂ ಗತಿಯಿಲ್ಲ ಎಂಬ ಹೆದರಿಕೆ ದಲಿತ ತಂದೆತಾಯಿಗಳದು. ತಲೆತಲಾಂತರದಿಂದ ಬಂದ ಕಟ್ಟುಪಾಡನ್ನು ಮೀರಲು ಅವರಿಗೂ ಧೈರ್ಯ ಬರಬೇಕಿತ್ತು.

ಈ ಗಂಟನ್ನು ಬರೀ ಉಪದೇಶದಿಂದ ಬಿಡಿಸಲು ರಂಗರಾಯರು ಹೋಗಲಿಲ್ಲ. ಹಸಿವು ಹಿಂದೆ ಎಳೆಯುವಲ್ಲಿ ಮಧ್ಯಾಹ್ನದ ಊಟ ಕೊಟ್ಟರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ, ಉಡುಪಿಯವರೆಗೂ ಶಾಲೆಗಳನ್ನು ವಿಸ್ತರಿಸಿದರು. ಕೊಡಿಯಾಲಬೈಲಿನಲ್ಲಿ ನೇಯ್ಗೆ, ಮರಗೆಲಸ ಮುಂತಾದ ಕಸುಬುಗಳನ್ನು ಕಲಿಸುವ ವ್ಯವಸ್ಥೆ ಮಾಡಿದರು. ಕೈಯಲ್ಲಿ ಕಸುಬಿದ್ದವನಿಗೆ ಧಣಿಯ ಅಂಗಳವೊಂದೇ ಗತಿಯಲ್ಲ ಎಂಬುದು ಇದರ ಹಿಂದಿನ ವಿವೇಕ. ಕೊರಗರು ಮತ್ತಿತರರಿಗೆ ಮನೆ, ಭೂಮಿ ಸಿಗಲು ಶ್ರಮಿಸಿದರು. ಜಿಲ್ಲಾ ಬೋರ್ಡು, ಪುರಸಭೆಗಳಲ್ಲಿ ದಲಿತರಿಗೆ ಸ್ಥಾನ ದೊರಕಿಸಿಕೊಡಲು ಓಡಾಡಿದರು.

ಹೊರಗೆ ಸುಧಾರಣೆ ಹೇಳಿ ಮನೆಯೊಳಗೆ ಜಾತಿ ಕಾಯುವ ಸುಧಾರಕರು ಆ ಕಾಲದಲ್ಲಿ ಕಡಿಮೆ ಇರಲಿಲ್ಲ. ರಂಗರಾಯರು ಆ ಸಾಲಿಗೆ ಸೇರಲಿಲ್ಲ. 1912ರಲ್ಲಿ ಅವರ ಮಗಳು ರಾಧಾಬಾಯಿಯ ವಿವಾಹ ತಮಿಳುನಾಡಿನ ತಿರುಚೆಂಗೋಡು ಬಳಿಯ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು. ಜಾತಿ ಬೇರೆ, ಭಾಷೆ ಬೇರೆ. ಅಳಿಯ 1926ರಲ್ಲಿ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ ದುಂಡುಮೇಜಿನ ಸಭೆಗೆ ಪ್ರತಿನಿಧಿಯಾಗಿ ಹೋದರು. ಮೊಮ್ಮಗ ಜನರಲ್ ಪಿ.ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ದೇಶದ ಭೂಸೇನೆಯ ಮುಖ್ಯಸ್ಥರಾಗಿದ್ದರು.

1927ರಲ್ಲಿ ರಂಗರಾಯರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. ತಮ್ಮ ಶವವನ್ನು ಊರಿನ ಕೊಳೆ ತೆಗೆಯುವ ದಲಿತ ಕಾರ್ಮಿಕರೇ ಹೊರಬೇಕು ಎಂಬುದು ಅವರ ಕೊನೆಯ ಆಸೆಯಾಗಿತ್ತು. 1928ರ ಜನವರಿ 30ರಂದು ಅವರು ನಿಧನರಾದರು. ಆರು ವರ್ಷಗಳ ನಂತರ, 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಸಂಸ್ಥೆಗೆ ಭೇಟಿ ನೀಡಿದರು. ಮಂಗಳೂರಿನ ಪುರಭವನಕ್ಕೆ ಇಂದು ಅವರದೇ ಹೆಸರಿದೆ.

ಆದರೂ ಹಳೆಯ ಪದ್ಧತಿಗಳು ಬೇಗ ಸಾಯುವುದಿಲ್ಲ. ಕೊರಗರನ್ನು ಅವಮಾನಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ, ರಂಗರಾಯರು ತೀರಿಹೋಗಿ 72 ವರ್ಷಗಳ ಮೇಲೆ. ಕಾನೂನು ತಡವಾಗಿ ಬರುತ್ತದೆ, ಮನಸ್ಸು ಇನ್ನೂ ತಡವಾಗಿ ಬದಲಾಗುತ್ತದೆ. ಅದಕ್ಕಾಗಿ ಕಾಯದೆ ಒಬ್ಬ ವಕೀಲರು ಶಾಲೆ, ಊಟ, ಕಸುಬು, ಭೂಮಿ ಎಂದು ಒಂದೊಂದೇ ಕೆಲಸ ಹಿಡಿದರು. ಗಡಿಯ ಈಚೆ ಹುಟ್ಟಿ ಆಚೆ ದುಡಿದ ಅವರನ್ನು ಎರಡೂ ಕಡೆಯ ಕನ್ನಡಿಗರು ತಮ್ಮವರೆಂದು ನೆನೆಯಬಹುದು.