ಮೈಕೆಲ್ ಫ್ಯಾರಡೆ

ವಿದ್ಯುತ್ ವಾಹನವೊಂದು ಸದ್ದಿಲ್ಲದೆ ಸಾಗುವುದನ್ನು ನಾವು ಇಂದು ಕಾಣುತ್ತೇವೆ. ಅದಕ್ಕೆ ಶಕ್ತಿಯನ್ನು ಒದಗಿಸುವುದು ಬ್ಯಾಟರಿ. ಆದರೆ ಬ್ಯಾಟರಿಯ ವಿದ್ಯುತ್ತು ಇದ್ದಂತೆಯೇ ವಾಹನದ ಎಲ್ಲ ಭಾಗಗಳಿಗೂ ಒಗ್ಗುವುದಿಲ್ಲ. ಚಕ್ರವನ್ನು ತಿರುಗಿಸುವ ಮೋಟಾರಿಗೆ ಒಂದು ಬಗೆಯದು, ದೀಪಕ್ಕೂ ಹಾರನ್ನಿಗೂ ಇನ್ನೊಂದು ಬಗೆಯದು ಬೇಕು. ಈ ಮಾರ್ಪಾಟಿಗೆ ಆಧಾರವಾದ ತತ್ತ್ವವನ್ನು ಲೋಕಕ್ಕೆ ತೋರಿಸಿಕೊಟ್ಟವನು ಶಾಲೆಯ ಮೆಟ್ಟಿಲನ್ನು ಹೆಚ್ಚು ಕಾಲ ತುಳಿಯದ ಒಬ್ಬ ಕಮ್ಮಾರನ ಮಗ. ಅವನೇ ಮೈಕೆಲ್ ಫ್ಯಾರಡೆ.

ಫ್ಯಾರಡೆಯು 1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ಬಳಿಯ ನ್ಯೂಯಿಂಗ್ಟನ್ನಿನಲ್ಲಿ ಜನಿಸಿದನು. ತಂದೆಯ ಅನಾರೋಗ್ಯದಿಂದ ಮನೆಯಲ್ಲಿ ಬಡತನವಿತ್ತು. ಓದು, ಬರಹ, ಲೆಕ್ಕಗಳ ಮೊದಲ ಪಾಠಗಳಿಗೇ ಅವನ ಶಾಲೆ ಮುಗಿಯಿತು. ಹದಿಮೂರನೆಯ ವಯಸ್ಸಿನಲ್ಲಿ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯನ್ನು ಸೇರಿ, ಮರುವರ್ಷದಿಂದ ಏಳು ವರ್ಷ ರಟ್ಟು ಕಟ್ಟುವ ಕಸುಬನ್ನು ಕಲಿತನು. ರಟ್ಟು ಕಟ್ಟಲು ಬಂದ ಪುಸ್ತಕಗಳೇ ಅವನಿಗೆ ಗುರುಗಳಾದವು.

1812ರಲ್ಲಿ ಪ್ರಸಿದ್ಧ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳುವ ಅವಕಾಶ ಒದಗಿತು. ಫ್ಯಾರಡೆಯು ತಾನು ಕೇಳಿದುದನ್ನೆಲ್ಲ ಬರೆದು, ತನ್ನ ಕೈಯಿಂದಲೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದನು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನಿಗೆ ಸಹಾಯಕನ ಕೆಲಸ ದೊರೆಯಿತು.

1821ರಲ್ಲಿ ಅವನು ಬ್ಯಾಟರಿಯ ವಿದ್ಯುತ್ತನ್ನು ಹರಿಸಿ, ತಂತಿಯೊಂದು ಕಾಂತದ ಸುತ್ತ ತಿರುಗುವಂತೆ ಮಾಡಿದನು. ಮೋಟಾರಿನ ಮೂಲ ಇದೇ. ಆದರೆ ಈ ಯಶಸ್ಸು ಕಹಿಯನ್ನೂ ತಂದಿತು. ಇನ್ನೊಬ್ಬ ವಿಜ್ಞಾನಿಯ ಆಲೋಚನೆಯನ್ನು ಅವನು ಬಳಸಿಕೊಂಡನೆಂಬ ಅಪವಾದ ಹುಟ್ಟಿತು. ರಾಯಲ್ ಸೊಸೈಟಿಗೆ ಅವನ ಹೆಸರು ಬಂದಾಗ ಸ್ವತಃ ಡೇವಿಯೇ ವಿರೋಧಿಸಿದನು. 1824ರಲ್ಲಿ ಫ್ಯಾರಡೆ ಸದಸ್ಯನಾಗಿ ಆಯ್ಕೆಯಾದನು. ಗುರುವಿನ ಮೇಲಿನ ಗೌರವವನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ವಿದ್ಯುತ್ತಿನಿಂದ ಕಾಂತತ್ವ ಉಂಟಾಗುವುದಾದರೆ ಕಾಂತತ್ವದಿಂದ ವಿದ್ಯುತ್ತು ಏಕೆ ಉಂಟಾಗಬಾರದು? ಈ ಪ್ರಶ್ನೆ ಅವನನ್ನು ಹಲವು ವರ್ಷ ಕಾಡಿತು. 1831ರ ಆಗಸ್ಟ್ 29ರಂದು ಅವನು ಕಬ್ಬಿಣದ ಉಂಗುರವೊಂದರ ಎರಡು ಪಕ್ಕಗಳಿಗೆ ಬೇರೆ ಬೇರೆ ತಂತಿಗಳನ್ನು ಸುತ್ತಿದನು. ಒಂದು ಸುರುಳಿಯನ್ನು ಬ್ಯಾಟರಿಗೆ ಜೋಡಿಸಿದೊಡನೆ, ಇನ್ನೊಂದರ ತಂತಿಯ ಬಳಿ ಇದ್ದ ಕಾಂತಸೂಚಿ ಅಲುಗಿ ಮತ್ತೆ ನಿಂತುಬಿಟ್ಟಿತು. ಬ್ಯಾಟರಿಯನ್ನು ಬಿಡಿಸಿದಾಗ ಪುನಃ ಅಲುಗಿತು. ವಿದ್ಯುತ್ತು ಒಂದೇ ಸಮನೆ ಹರಿಯುತ್ತಿರುವಾಗ ಸೂಚಿ ನಿಶ್ಚಲವಾಗಿತ್ತು. ಮತ್ತೊಬ್ಬರು ಕಡೆಗಣಿಸಬಹುದಾಗಿದ್ದ ಆ ಅಲುಗಾಟದಲ್ಲಿ ಫ್ಯಾರಡೆಯು ನಿಸರ್ಗದ ನಿಯಮವನ್ನು ಕಂಡನು. ಕಾಂತತ್ವವು ಬದಲಾಗುವಾಗ ಮಾತ್ರ ಎರಡನೆಯ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದೇ ವಿದ್ಯುತ್ಕಾಂತೀಯ ಪ್ರೇರಣೆ.

ವಿದ್ಯುತ್ ವಾಹನದ ಪರಿವರ್ತಕವು ಮಾಡುವುದೂ ಇದನ್ನೇ. ಬ್ಯಾಟರಿಯ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಸಮನಾಗಿ ಹರಿಯುವಂಥದು. ಆದುದರಿಂದ ಪರಿವರ್ತಕದಲ್ಲಿರುವ ಸ್ವಿಚ್ಚುಗಳು ಅದನ್ನು ಸೆಕೆಂಡಿಗೆ ಸಾವಿರಾರು ಸಲ ತಡೆದು ಬಿಡುತ್ತವೆ. ಎರಡನೆಯ ಸುರುಳಿಯ ಸುತ್ತುಗಳು ಕಡಿಮೆಯಿದ್ದರೆ ವೋಲ್ಟೇಜು ಇಳಿಯುತ್ತದೆ, ಹೆಚ್ಚಿದ್ದರೆ ಏರುತ್ತದೆ. 2001ರಲ್ಲಿ ಬೆಂಗಳೂರಿನಿಂದ ಮಾರುಕಟ್ಟೆಗೆ ಬಂದ ರೇವಾ ಕಾರಿನ ಬ್ಯಾಟರಿಗಳು ಒಟ್ಟು 48 ವೋಲ್ಟಿನವು; ದೀಪಗಳಿಗೆ ಬೇಕಾದುದು 12 ವೋಲ್ಟು. ಇನ್ನು ಅನೇಕ ವಾಹನಗಳಲ್ಲಿ ಬ್ಯಾಟರಿಯ ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸಿ ಮೋಟಾರಿಗೆ ಕೊಡಲಾಗುತ್ತದೆ.

ಕೀರ್ತಿ ಬಂದರೂ ಫ್ಯಾರಡೆಯ ಸರಳತೆ ಮಾಸಲಿಲ್ಲ. ಸರ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಅವನು ನಿರಾಕರಿಸಿದನು. ಕ್ರಿಸ್ಮಸ್ ಸಮಯದಲ್ಲಿ ಮಕ್ಕಳಿಗಾಗಿ ಉಪನ್ಯಾಸ ಮಾಡುವುದು ಅವನಿಗೆ ಪ್ರಿಯವಾಗಿತ್ತು. ಅಲ್ಲಿ ಪ್ರತಿಯೊಂದು ಮಾತಿಗೂ ಪ್ರಯೋಗವೇ ಸಾಕ್ಷಿ. 1867ರ ಆಗಸ್ಟ್ 25ರಂದು ಅವನು ನಿಧನನಾದನು.

ಅಶೋಕನ ಶಾಸನವಿರುವ ಬ್ರಹ್ಮಗಿರಿಯ ಸೀಮೆಯಲ್ಲಿ, ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯು ಶಾಲಾ ಶಿಕ್ಷಕರಿಗೆ ಪ್ರಯೋಗಗಳ ಮೂಲಕ ವಿಜ್ಞಾನವನ್ನು ಕಲಿಸುತ್ತ ಬಂದಿದೆ. ಶಿಷ್ಯನು ಗುರುವನ್ನು ಗೌರವಿಸಬೇಕೆಂದು ಆ ಶಾಸನ ಸಾರುತ್ತದೆ. ಗುರುವನ್ನು ಗೌರವಿಸುತ್ತಲೇ ತನ್ನ ಕಣ್ಣಿನಿಂದ ಸತ್ಯವನ್ನು ಕಂಡುಕೊಂಡವನು ಫ್ಯಾರಡೆ. ತಂತಿ, ಕಾಂತ, ಬ್ಯಾಟರಿಗಳನ್ನು ಕೈಯಲ್ಲಿ ಹಿಡಿದು ನೋಡುವ ವಿದ್ಯಾರ್ಥಿಗೆ ಅವನ ದಾರಿ ಇಂದಿಗೂ ತೆರೆದಿದೆ.